ಕಪ್ಪು ರಿಬ್ಬನ್ನಿನ ಬೇರು

ಬೆಳಿಗ್ಗೆ ಆರು ಗಂಟೆಗೆ ಸಕಿಯುಸನ ಮನೆಯ ಬಾಗಿಲ ಹಿಂದೆ ಇರಬೇಕಾಗಿದ್ದ, ಅರೆದು ಕುಡಿದರೆ ಮಂಪರು ತರುವ ಯಂಗೋನ ಬೇರಿನ ಕಟ್ಟು ಅಲ್ಲಿ ಇರಲಿಲ್ಲ. ಅದು ಹಿಂದಿನ ಸಂಜೆಯೇ ಪುಡಿಯಾಗಿ, ನೀರಿನಲ್ಲಿ ಕದಡಿ, ಅವನ ಹೆಂಡತಿಯ ಚಿಕ್ಕಪ್ಪ ನೇಮಾನಿಯ ಹೊಟ್ಟೆ ಸೇರಿತ್ತು. ನೇಮಾನಿ ಚಾಪೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದ.

"ಚಿಕ್ಕಪ್ಪ, ಅದು ಕಂಪನಿ ಕೆಲಸಕ್ಕೆ ತಂದದ್ದು!" ಎಂದ ಸಕಿಯುಸ.

"ಕೇಳಿದ್ರೆ ನೀನು ಕೊಡ್ತಿರ್ಲಿಲ್ವಾ?" ಎಂದ ನೇಮಾನಿ, ಕಣ್ಣು ತೆರೆಯದೆ.

"ಕೊಡ್ತಿದ್ದೆ."

"ಮತ್ತೆ? ಕೊಡೋದನ್ನ ಕೇಳಿ ಯಾಕೆ ನಿನ್ನ ನಿದ್ದೆ ಕೆಡಿಸ್ಲಿ ಅಂತ ಸುಮ್ನಾದೆ."

ಸಕಿಯುಸನ ಹೆಂಡತಿ ಅನಸೇನಿ ಚಹಾ ತಂದು ಮುಂದಿಟ್ಟಳು. "ದಾರಿಯಲ್ಲಿ ನವುವಾ ಮಾರ್ಕೆಟ್ಟಲ್ಲಿ ಕೊಂಡ್ಕೊಳ್ಳಿ. ಇವತ್ತು ಜಗಳಕ್ಕೆ ನಿಲ್ಬೇಡಿ," ಎಂದಳು.

ಅವಳು ಹೇಳಿದ್ದು ಸರಿ. ಇವತ್ತು ಜಗಳಕ್ಕೆ ಸಮಯ ಇರಲಿಲ್ಲ. ಮೂರು ದಿನದ ಪ್ರವಾಸ ಅದು: ಮೊದಲ ದಿನ ಸುವಾ ನಗರ, ಎರಡನೆಯ ದಿನ, ಅಂದರೆ ಇವತ್ತು, ದೋಣಿಯಲ್ಲಿ ನದಿಯ ಮೇಲ್ಗಡೆಯ ಹಳ್ಳಿ, ಅಂದು ಸಂಜೆಯಿಂದ ಸಮುದ್ರ ತೀರ. ಸಕಿಯುಸನನ್ನು ಗೈಡ್ ಎಂದು ಪರೀಕ್ಷೆಗೆ ಇಟ್ಟುಕೊಂಡಿದ್ದರು. ಮೊದಲ ಸಲ ಸುವಾ ಮಾರ್ಕೆಟ್ಟಿನ ಗೆಡ್ಡೆಗೆಣಸಿನ ಸಾಲಿನಲ್ಲಿ ಒಬ್ಬ ಮುದುಕರನ್ನು ಮರೆತು ಬಂದಿದ್ದ. ಎರಡನೆಯ ಸಲ ಜನರನ್ನು ಬೀಚಿನ ಹೋಟೆಲಿಗೆ ಮುಟ್ಟಿಸುವಾಗ ಕತ್ತಲಾಗಿ, ಅಡುಗೆಮನೆ ಮುಚ್ಚಿತ್ತು. ಆಫೀಸಿನ ಪಿಕರಿಂಗ್ ಮೇಡಂ ನಿನ್ನೆ ಅವನನ್ನು ನಿಲ್ಲಿಸಿಕೊಂಡು ಹೇಳಿದ್ದರು: "ನಾಳೆ ಬೆಳಕಿರುವಾಗಲೇ ಜನ ಹೋಟೆಲ್ ಸೇರಬೇಕು. ಒಂದು ದೂರೂ ಬರಬಾರದು. ಬಂತೋ, ನಿನ್ನ ಹಳೇ ಬಿಸ್ಕತ್ತಿನ ಗೋದಾಮು ಇನ್ನೂ ಅಲ್ಲೇ ಇದೆ."

ಹಿಂದಿನ ಎರಡು ಸಲ ಹಳ್ಳಿಯಲ್ಲಿ ಬೇರಿನ ಕಟ್ಟು ಒಪ್ಪಿಸಿ ಮಾತಾಡಿದ್ದು ಹಿರಿಯ ಗೈಡ್. ಈ ಸಲ ಸಕಿಯುಸನೇ ಮಾತಾಡಬೇಕು. ಕಟ್ಟು ಒಪ್ಪಿಸದೆ, ಮಾತು ಆಡದೆ ನದಿಯ ಯಾವ ಹಳ್ಳಿಯೂ ಹೊರಗಿನವರನ್ನು ಒಳಗೆ ಬಿಡುವುದಿಲ್ಲ.

ನವುವಾ ಮಾರ್ಕೆಟ್ಟಿನಲ್ಲಿ ಆ ಹೊತ್ತಿಗೆ ಒಂದೇ ಕಟ್ಟು ಇತ್ತು. ಚೆನ್ನಾದ ಬೇರು, ಉದ್ದವಾಗಿ, ನೆಟ್ಟಗೆ. ಆದರೆ ನಡುವಿಗೆ ಅಗಲವಾದ ಕಪ್ಪು ರಿಬ್ಬನ್ ಬಿಗಿದಿತ್ತು.

"ಯಾರದೋ ಸಾವಿಗೆ ಅಂತ ಕಟ್ಟಿಸಿದ್ರು," ಎಂದಳು ಮಾರುವವಳು. "ತಗೊಂಡು ಹೋಗೋಕೆ ಬರ್ಲೇ ಇಲ್ಲ."

"ಯಾಕೆ ಬರ್ಲಿಲ್ಲ?"

"ಹೆಣ ಎದ್ದು ಕೂತ್ಬಿಡ್ತೇನೋ. ನಂಗೇನು ಗೊತ್ತು? ಬೇಕಾ, ಬೇಡ್ವಾ?"

ಸಕಿಯುಸ ಕೊಂಡುಕೊಂಡ. ರಿಬ್ಬನ್ನನ್ನು ದೋಣಿಯಲ್ಲಿ ಬಿಚ್ಚಿದರಾಯಿತು ಎಂದುಕೊಂಡ.

ದೋಣಿಯಲ್ಲಿ ಅದನ್ನು ಬಿಚ್ಚಲು ಆಗಲಿಲ್ಲ. ನದಿಯ ನೀರು ಸಿಡಿದು ಗಂಟು ನೆನೆದು, ಹಳೆಯ ಹಲ್ಲಿನ ಹಾಗೆ ಬೇರು ಬಿಟ್ಟುಕೊಂಡಿತ್ತು. ಉಗುರಿನಿಂದ ಎಳೆದ. ಕೊನೆಗೆ ಬಾಯಿ ಹಾಕಿ ಕಚ್ಚಿದ. ಎದುರಿಗೆ ಕೂತಿದ್ದ ಮಿಸೆಸ್ ಪ್ರೂಯಿಟ್, ಗೀಲಾಂಗ್ ಊರಿನಿಂದ ಬಂದ ವಯಸ್ಸಾದ ಪ್ರವಾಸಿ, ಕ್ಯಾಮೆರಾ ಎತ್ತಿದರು.

"ಮೊದಲು ಕಚ್ಚಬೇಕಾ? ಅದೂ ಪದ್ಧತೀನಾ?"

"ಹೌದು ಮೇಡಂ," ಎಂದ ಡ್ರೈವರ್ ರಾಮೌತಾರ್, ಸಕಿಯುಸ ಬಾಯಿ ಬಿಡಿಸಿಕೊಳ್ಳುವ ಮೊದಲೇ. ರಾಮೌತಾರನ ಕೆಲಸ ವ್ಯಾನಿನ ಹತ್ತಿರವೇ ಇರುವುದು. ಆದರೆ ಹಳ್ಳಿಯಲ್ಲಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನೆಲೆ ಬಡಿಸುತ್ತಾರೆ ಎಂಬ ಒಂದೇ ಕಾರಣಕ್ಕೆ ಪ್ರತಿ ಸಲ ವ್ಯಾನಿಗೆ ಬೀಗ ಹಾಕಿ ದೋಣಿ ಹತ್ತುತ್ತಿದ್ದ. ಅವನಿಗೆ ತಿಳಿಯದ ವಿಷಯ ಇರಲಿಲ್ಲ. ತಿಳಿದ ವಿಷಯವನ್ನು ಹೇಳದೆ ಇಟ್ಟುಕೊಂಡದ್ದೂ ಇರಲಿಲ್ಲ.

ಎರಡೂ ಕಡೆ ಬಂಡೆಯ ಗೋಡೆ ಎದ್ದು ನದಿ ಕಿರಿದಾಯಿತು. ಎಂದಿನಂತೆ ಜಲಪಾತಗಳು ಇಳಿಯುತ್ತಿದ್ದವು. ಎಂದಿನಂತೆ ಇರಬೇಕಾದ ಬೇರೇನೂ ಇರಲಿಲ್ಲ. ದಡದಲ್ಲಿ ಕೈಬೀಸುವ ಹುಡುಗರಿಲ್ಲ, ಬಟ್ಟೆ ಒಗೆಯುವ ಹೆಂಗಸರಿಲ್ಲ. ವೈಲೋಮ ಹಳ್ಳಿಯ ತಿರುವಿನಲ್ಲಿ ಪ್ರತಿ ಸಲ ಕಾಣುವ ಅಡುಗೆ ಹೊಗೆಯೂ ಕಾಣಲಿಲ್ಲ.

"ಏನೋ ಸರಿ ಇಲ್ಲ, ಸಕಿ," ಎಂದ ರಾಮೌತಾರ್. "ನಾಯಿ ಬೊಗಳ್ತಿಲ್ಲ ನೋಡು."

"ನೀನು ಬೊಗಳೋದು ನಿಲ್ಸು. ನಾನು ಮಾತು ನೆನಪು ಮಾಡ್ಕೋಬೇಕು."

ನೆನಪು ಮಾಡಿಕೊಳ್ಳುವುದು ಬಹಳ ಇತ್ತು. ಸಕಿಯುಸ ಸುವಾದಲ್ಲೇ ಹುಟ್ಟಿ ಬೆಳೆದವನು. ಊರ ಹಿರಿಯರ ಮುಂದೆ ಆಡುವ ಗಂಭೀರ ಭಾಷೆ ಅವನಿಗೆ ಹೊಸ ಬೂಟಿನಂತೆ ಕಡಿಯುತ್ತಿತ್ತು. ಅದರಲ್ಲಿ ಒಂದೇ ಒಂದು ಮಾತು ಅವನಿಗೆ ತಡವರಿಸದೆ ಬರುತ್ತಿತ್ತು. ಆ ತಿಂಗಳು ಹೆಂಡತಿಯ ಕಡೆಯ ಹಿರಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಿದ್ದರು. ಪ್ರತಿ ಮನೆಯಲ್ಲೂ ಅಳಿಯನೆಂದು ಅವನೇ ಬೇರು ಒಪ್ಪಿಸಿ ಸಾವಿನ ಮನೆಯ ಮಾತು ಆಡಿದ್ದ. ಕನ್ನಡಿಯ ಮುಂದೆ ಆಡಿ, ಸ್ನಾನದ ಮನೆಯಲ್ಲಿ ಆಡಿ ಕಲಿತಿದ್ದ. ನೇಮಾನಿ ಕೂಡ ಅದನ್ನು ಕೇಳಿ, "ಇಷ್ಟು ಚೆನ್ನಾಗಿ ಹೇಳೋದಾದ್ರೆ ನಾನೂ ಒಂದ್ಸಲ ಸಾಯಬಹುದು," ಎಂದಿದ್ದ.

ವೈಲೋಮದ ದಡದಲ್ಲಿ ಬಂದವರೆಲ್ಲರೂ ಪದ್ಧತಿಯಂತೆ ಟೋಪಿ ತೆಗೆದರು, ಕಪ್ಪು ಕನ್ನಡಕ ತೆಗೆದರು. ದೊರೆಯ ಪರವಾಗಿ ಮಾತಾಡುವ ಹಿರಿಯ ಎಪರಾಮ ಕಾಯುತ್ತಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು.

"ಬೇಗ ಮುಗಿಸ್ಬಿಡಿ," ಎಂದ ಎಪರಾಮ ಮೆಲ್ಲಗೆ. "ಇವತ್ತು ಕುಣಿತ ಬೇಡ, ಹಾಡು ಬೇಡ. ದೊರೆಗಳಿಗೆ ನೆಗಡಿ, ಮಲಗಿದ್ದಾರೆ. ಸದ್ದು ಬೇಡ, ಹೊಗೆ ಬೇಡ ಅಂತ ಊರಿಗೂ ಹೇಳಿದ್ದೀನಿ. ಊಟ ಮಾಡ್ಕೊಂಡು ಹೊರಟ್ಬಿಡಿ."

ದಿಬ್ಬದ ಮೇಲೆ ದೊರೆಯ ಮನೆ ಇತ್ತು. ಬಿಸಿಲು ತಲೆ ಸುಡುವ ಆ ಹೊತ್ತಿನಲ್ಲಿ ಅದರ ಕಿಟಕಿಗಳೆಲ್ಲ ಮುಚ್ಚಿದ್ದವು. ಇನ್ನಿಬ್ಬರು ಹಿರಿಯರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು, ಒಳಗಿನಿಂದ ಯಾರೋ ಬಾಗಿಲು ತಳ್ಳಬಹುದು ಎಂಬಂತೆ.

ಸಭೆಯ ಮನೆಯಲ್ಲಿ ಊರವರು ಕೂತಿದ್ದರು. ಸಕಿಯುಸ ಚಕ್ಕಳಮಕ್ಕಳ ಹಾಕಿ ಕೂತು ಕಟ್ಟನ್ನು ಮುಂದಿಟ್ಟ. ತಲೆ ತಗ್ಗಿಸಿದ. ಕಣ್ಣಿಗೆ ಬಿದ್ದದ್ದು ಕಪ್ಪು ರಿಬ್ಬನ್. ಬಾಯಿ ತೆರೆದ. ಬಾಯಿ ತನಗೆ ಗೊತ್ತಿದ್ದ ದಾರಿ ಹಿಡಿದು ಹೋಯಿತು.

"ದೊಡ್ಡ ಮರ ಬಿದ್ದ ಸದ್ದು ನಮ್ಮ ತನಕ ಕೇಳಿಸಿತು. ನಿಮ್ಮ ಮನೆಯ ಕಂಬ ಜರುಗಿದೆ, ನಿಮ್ಮ ಚಾಪೆಯ ಮೇಲೆ ಒಂದು ಜಾಗ ಬರಿದಾಗಿದೆ. ನಿಮ್ಮ ಕಣ್ಣೀರಿನ ಪಕ್ಕ ಕೂರಲು ಈ ಚಿಕ್ಕ ಬೇರು ಹಿಡಿದು ಬಂದಿದ್ದೇವೆ. ಹೋದವರು ಸುಖವಾಗಿ ಹೋಗಲಿ. ಉಳಿದವರನ್ನು ದೇವರು ಕಾಯಲಿ."

ಎಲ್ಲೂ ತಡವರಿಸಲಿಲ್ಲ. ಜೀವನದಲ್ಲೇ ಇಷ್ಟು ಚೆನ್ನಾಗಿ ಮಾತಾಡಿರಲಿಲ್ಲ ಎಂದು ಅವನಿಗೆ ಸಮಾಧಾನವಾಗುವಷ್ಟರಲ್ಲಿ ರಾಮೌತಾರನ ಮೊಣಕೈ ಪಕ್ಕೆಗೆ ಬಡಿಯಿತು.

"ಲೇ! ಸಾವಿನ ಮಾತಾಡಿದ್ಯಲ್ಲೋ!"

 ಸಕಿಯುಸ ತಲೆ ಎತ್ತಿದ. ಎಪರಾಮನ ಮುಖ ಬೂದಿಯಾಗಿತ್ತು.  ಊರಿನಲ್ಲಿ ಯಾರೂ ಅವನ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಆ ಎಪರಾಮ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೊತ್ತಿಕೊಂಡು, ಬಿಕ್ಕಿ ಬಿಕ್ಕಿ ಅತ್ತ.

"ಒಪ್ಪಿದೆವು," ಎಂದ. "ನಿಮ್ಮ ದುಃಖವನ್ನು ಒಪ್ಪಿದೆವು."

ಹಿರಿಯರು ಗುಳಿ ಮಾಡಿದ ಅಂಗೈಗಳಿಂದ ನಿಧಾನವಾಗಿ ಚಪ್ಪಾಳೆ ತಟ್ಟಿದರು, ಸಾವಿನ ಮನೆಯಲ್ಲಿ ತಟ್ಟುವ ಹಾಗೆ. ಸಕಿಯುಸ "ತಪ್ಪಾಯ್ತು" ಎಂದದ್ದು ಅದರಲ್ಲಿ ಮುಳುಗಿತು. ಎಪರಾಮ ಎದ್ದು ದಿಬ್ಬ ಹತ್ತಿ, ದೊರೆಯ ಮನೆಯೊಳಗೆ ಹೋದ. ಇನ್ನಿಬ್ಬರು ಹಿರಿಯರೂ ಹೋದರು. ಬಾಗಿಲು ಮುಚ್ಚಿತು.

"ಎಷ್ಟು ಮನಮುಟ್ಟುವ ಸ್ವಾಗತ!" ಎಂದು ಮಿಸೆಸ್ ಪ್ರೂಯಿಟ್ ಕಣ್ಣೊರೆಸಿಕೊಂಡರು.

ಊರವರು ಕೂತಲ್ಲೇ ಒಬ್ಬರನ್ನೊಬ್ಬರು ನೋಡಿದರು. ತಲೆಗಳನ್ನು ಲೆಕ್ಕ ಹಾಕಿದರು. ಎಲ್ಲರೂ ಇದ್ದರು; ಇಲ್ಲದ ದೊರೆಗಳಿಗೆ ಬರೀ ನೆಗಡಿ ಎಂದು ಎಪರಾಮನೇ ಬೆಳಿಗ್ಗೆ ಹೇಳಿದ್ದ. ಸಾವಿನ ಬೇರು ಬಂದಿದೆ. ಎಪರಾಮನಂಥವನು ಅತ್ತು ಅದನ್ನು ಒಪ್ಪಿಕೊಂಡಿದ್ದಾನೆ. ಎಲ್ಲರೆದುರು ಒಪ್ಪಿಕೊಂಡ ಬೇರನ್ನು ಹಿಂದಕ್ಕೆ ಕೊಡುವಂತಿಲ್ಲ. ಆದರೆ ಸತ್ತವರು ಯಾರೂ ಇಲ್ಲ.

ಇನ್ನೂ ಇಲ್ಲ.

ಯಾರೂ ಏನೂ ಹೇಳದೆ ಎದ್ದರು. ಸಾವಿನ ಬೇರು ಒಪ್ಪಿಕೊಂಡ ಊರಿನಲ್ಲಿ ಏನೇನು ಆಗಬೇಕೋ ಅದು ತನ್ನಷ್ಟಕ್ಕೆ ಆಗತೊಡಗಿತು. ಗಂಡಸರು ನೆಲದೊಲೆಗೆ ಗುಂಡಿ ತೋಡಿದರು. ಹೆಂಗಸರು ಸಭೆಯ ಮನೆಯ ನಡುವೆ ಚಾಪೆಯ ಮೇಲೆ ಚಾಪೆ ಹಾಸಿ ಎತ್ತರದ ಹಾಸಿಗೆ ಮಾಡಿದರು. ಅದರ ಮೇಲೆ ಯಾರನ್ನೂ ಮಲಗಿಸಲಿಲ್ಲ. ಇಬ್ಬರು ದಡಕ್ಕೆ ಹೋಗಿ ಎಲೆ ಕಟ್ಟಿದ ಗಳು ನೆಟ್ಟರು: ನದಿ ಮುಚ್ಚಿತು. ದೋಣಿಯವರು ಇಂಜಿನ್‌ಗಳನ್ನು ಬಿಚ್ಚಿ ಹೆಗಲ ಮೇಲೆ ಹೊತ್ತು ಮನೆಗೆ ಒಯ್ದರು.

"ಲೇ, ಲೇ, ಎಲ್ಲಿಗೆ?" ಎಂದು ಸಕಿಯುಸ ಓಡಿದ. "ಸಂಜೆಯೊಳಗೆ ನಾವು ಬೀಚಿಗೆ ಹೋಗ್ಬೇಕು!"

"ನದಿ ಮುಟ್ಟೋ ಹಾಗಿಲ್ಲ ಅಣ್ಣ," ಎಂದ ದೋಣಿಯವನು ಅವನ ಮುಖ ನೋಡದೆ. "ನೀವೇ ಮುಚ್ಚಿಸಿದ್ದು."

ಆ ಹಳ್ಳಿಗೆ ನದಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಸಕಿಯುಸನಿಗೆ ಬಿಸ್ಕತ್ತಿನ ಗೋದಾಮಿನ ವಾಸನೆ ಮೂಗಿಗೆ ಬಂತು.

"ನಾನು ಬಾಯಿತಪ್ಪಿ ಅಂದದ್ದು!" ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿದ. "ಏನೂ ಇಲ್ಲ. ಯಾರೂ ಸತ್ತಿಲ್ಲ. ಯಾರೂ ಸಾಯಲ್ಲ."

"ಪಾಪ," ಎಂದರು ಅವರು ತಮ್ಮ ತಮ್ಮಲ್ಲಿ. "ಹೇಳೋಕೆ ಮನಸ್ಸಾಗ್ತಿಲ್ಲ ಅವನಿಗೆ."

ಮೊದಲು ಬಂದವಳು ಉಲಾಮಿಲ ಅಜ್ಜಿ. ಅವನನ್ನು ದೀವಿಹಲಸಿನ ಮರದ ಹಿಂದೆ ಎಳೆದುಕೊಂಡು ಹೋದಳು.

"ನಾನೇ ಅಲ್ವಾ ಮಗಾ? ನಿಜ ಹೇಳು, ನಂಗೇನೂ ಬೇಜಾರಿಲ್ಲ. ಹಂದೀನ ಯಾರಿಗೆ ಒಪ್ಪಿಸ್ಲಿ ಅಷ್ಟು ಹೇಳು."

"ಅಜ್ಜೀ, ನೀವಲ್ಲ!"

"ಮತ್ತೆ ಯಾರು?"

"ಯಾರೂ ಅಲ್ಲ!"

"ನಾನಲ್ಲ ಅಂತ ಗೊತ್ತು, ಯಾರು ಅಂತ ಗೊತ್ತಿಲ್ವಾ?" ಎಂದು ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಒಬ್ಬರನ್ನ ಬಿಟ್ಟು ಹೇಳೋನಿಗೆ ಎಲ್ಲಾ ಗೊತ್ತಿರುತ್ತೆ."

ಆಮೇಲೆ ಮೋಸೆಸೆ ಬಂದ. ರಗ್ಬಿ ಆಡಿದವನು, ನಿಂತರೆ ಬಾಗಿಲು ಮುಚ್ಚಿದ ಹಾಗೆ ಬೆಳಕು ಹೋಗುತ್ತಿತ್ತು. 

"ಭಾವ, ನಮ್ಮ ಅತ್ತೇನಾ?" ಎಂದು ಪಿಸುಗುಟ್ಟಿದ.

"ಅಲ್ಲ."

"ಸ್ವಲ್ಪ ಸರಿಯಾಗಿ ನೋಡು ಭಾವ," ಎಂದು ಮೋಸೆಸೆ ಆಸೆಯಿಂದ ಅವನ ಅಂಗಿಯ ತುದಿ ಹಿಡಿದುಕೊಂಡ.

ಹೊತ್ತು ಏರಿದಂತೆ ಜನ ಅವನನ್ನು ಕೇಳುವುದನ್ನು ಬಿಟ್ಟರು. ಅವನ ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡತೊಡಗಿದರು. ಅವನು ಯಾರ ಕಡೆ ತಿರುಗಿದರೆ ಅವರು ಪಕ್ಕದವರ ಹಿಂದೆ ಸರಿದರು. ತಾಯಂದಿರು ಮಕ್ಕಳನ್ನು ಒಳಗೆಳೆದು ಬಾಗಿಲು ಹಾಕಿದರು. ಹಳ್ಳಿಯಲ್ಲಿ ಕಪ್ಪು ಕನ್ನಡಕ ಹಾಕುವಂತಿಲ್ಲ. ಸಕಿಯುಸ ನೆಲ ನೋಡಿಕೊಂಡು ನಿಂತ. ಸ್ವಲ್ಪ ಹೊತ್ತಿನಲ್ಲಿ ಗುದ್ದಲಿ ಹಿಡಿದ ಇಬ್ಬರು ಬಂದು ಅವನ ಎರಡೂ ಕಡೆ ನಿಂತರು.

"ಇಲ್ಲೇನಾ ಅಗೀಬೇಕಾದ್ದು?" ಎಂದು ಕೇಳಿದರು.

ಅವನು ಸಭೆಯ ಮನೆಯೊಳಗೆ ಓಡಿದ. ಒಳಗೆ ಯಾರೂ ಇರಲಿಲ್ಲ. ನಡುವೆ ಆ ಎತ್ತರದ ಹಾಸಿಗೆ ಇತ್ತು. ಯಾರೋ ಅದರ ತಲೆಯ ಕಡೆ ಅವನ ಕಪ್ಪು ರಿಬ್ಬನ್ನಿನ ಕಟ್ಟನ್ನು ಇಟ್ಟಿದ್ದರು. ಗಾಳಿ ಇರಲಿಲ್ಲ, ಆದರೂ ಮೇಲಿನ ಚಾಪೆಯ ಅಂಚು ಒಮ್ಮೆ ಎದ್ದು ಮಲಗಿತು. ಹೊರಗಿನಿಂದ ಗುಂಡಿ ತೋಡುವ ಸದ್ದು ಸಮನಾಗಿ ಬರುತ್ತಿತ್ತು. ಬೆಳಿಗ್ಗೆ ಮಾರ್ಕೆಟ್ಟಿನವಳು ಹೇಳಿದ ಮಾತು ನೆನಪಾಯಿತು. ಈ ಕಟ್ಟನ್ನು ಯಾರ ಹೆಸರಲ್ಲಿ ಕಟ್ಟಿಸಿದ್ದರು ಎಂದು ಅವನು ಕೇಳಿರಲಿಲ್ಲ.

ಹಿಂದೆ ಯಾರೋ ನಿಂತ ಹಾಗಾಯಿತು. ಉಲಾಮಿಲ ಅಜ್ಜಿ, ಕೈಯಲ್ಲಿ ಇನ್ನೊಂದು ಚಾಪೆ.

"ಯಾರು ಅಂತ ನೀನು ಹೇಳ್ಲಿಲ್ಲ. ಅದಕ್ಕೆ ಒಂದು ಅಂದಾಜಿಗೆ ನಿನ್ನಷ್ಟು ಉದ್ದ ಹಾಸಿದ್ವಿ," ಎಂದಳು. "ಸಾಕಾ?"

ಸಕಿಯುಸ ಕೂರಲು ನೋಡಿದ. ಅಲ್ಲಿ ಕೂರಲು ಇದ್ದದ್ದು ಆ ಹಾಸಿಗೆ ಒಂದೇ. ಹಾಗಾಗಿ ಕಂಬ ಹಿಡಿದು ನಿಂತ.

ಬಾಗಿಲಲ್ಲಿ ರಾಮೌತಾರ್ ಇಣುಕಿದ. "ಎಪರಾಮ ಕರೀತಿದ್ದಾನೆ. ದೊರೆ ಮನೆಗೆ. ನಿನ್ನೊಬ್ಬನ್ನೇ." ಒಳಗೆ ಕಾಲಿಡದೆ ಕೇಳಿದ: "ಸಕಿ, ನಾನಲ್ಲ ತಾನೇ?"

ದೊರೆಯ ಮನೆಯೊಳಗೆ ಕತ್ತಲೆ ಮತ್ತು ಸೆಕೆ. ಮರದ ತೊಗಟೆಯಿಂದ ಮಾಡಿದ ಬಟ್ಟೆಯ ಪರದೆ ಇಳಿಬಿಟ್ಟಿದ್ದರು. ಕಣ್ಣು ಹೊಂದಿಕೊಂಡ ಮೇಲೆ ಸಕಿಯುಸನಿಗೆ ಪರದೆಯ ಕೆಳಗಿನಿಂದ ಎರಡು ಪಾದಗಳು ಕಂಡವು. ವಯಸ್ಸಾದ, ಅಗಲವಾದ ಪಾದಗಳು, ಮೇಲ್ಮುಖವಾಗಿ, ಜೋಡಿಸಿಟ್ಟಂತೆ.

"ಯಾರು ಹೇಳಿದ್ರು ನಿಂಗೆ?" ಎಂದ ಎಪರಾಮ.

"ಏನನ್ನ?"

"ಆಟ ಆಡ್ಬೇಡ. ದೊರೆಗಳು ಕೋಳಿ ಕೂಗೋ ಹೊತ್ತಿಗೆ ಹೋದ್ರು. ಗೊತ್ತಿದ್ದದ್ದು ನಾವು ಮೂರು ಜನಕ್ಕೆ ಮಾತ್ರ. ಊರಿಗೇ ಹೇಳಿಲ್ಲ."

ಸಕಿಯುಸ ಆ ಪಾದಗಳ ಕಡೆ ಇನ್ನೊಮ್ಮೆ ನೋಡಿದ. 

"ಹೇಳಿದ್ರೆ ನದಿ ಮುಚ್ತಿತ್ತು," ಎಂದ ಎಪರಾಮ ನೆಲ ನೋಡುತ್ತ. "ನೀವು ಬರೋ ಹಾಗಿರ್ಲಿಲ್ಲ. ಹೋದ ವಾರ ನೆರೆ ಬಂದು ನಿಮ್ಮ ಜನ ಅರ್ಧ ದಾರಿಯಿಂದ ಹಿಂದಕ್ಕೆ ಹೋದ್ರು. ಇನ್ನೊಂದ್ಸಲ ತಪ್ಪಿದ್ರೆ ಮೇಲಿನ ಹಳ್ಳಿಗೆ ಕರ್ಕೊಂಡು ಹೋಗ್ತೀವಿ ಅಂದಿದ್ದಾರೆ ನಿಮ್ಮ ಮೇಡಂ. ಶಾಲೆಗೆ ಸೂರಿಲ್ಲ, ನಿಮ್ಮಿಂದ ಬರೋ ದುಡ್ಡಲ್ಲೇ ತಗಡು ತರ್ಬೇಕು. ನೀವು ಊಟ ಮಾಡಿ ಹೋಗೋ ತನಕ ಅಂತ ತಡೆದ್ವಿ. ದೊರೆಗಳೂ ಬೇಡ ಅಂತಿರ್ಲಿಲ್ಲ. ಆಮೇಲೆ ನೀನು ಬಂದು ಎದುರಿಗೆ ಕೂತು..." ಅವನು ಪರದೆಯ ಕಡೆ ತಿರುಗಿದ. "ಅವರೇ ನಿನ್ನ ಕಳಿಸಿದ್ರು ಅಂತ ಅನ್ನಿಸ್ತು ನಂಗೆ."

"ಅಯ್ಯೋ ಮಾವ, ನಾನು ಬಾಯಿತಪ್ಪಿ ಅಂದೆ! ಆ ಒಂದೇ ಮಾತು ನಂಗೆ ಸರಿಯಾಗಿ ಬರೋದು!"

ಮೂವರು ಹಿರಿಯರೂ ಅವನ ಕಡೆ ತಿರುಗಿದರು. ಅವರಲ್ಲಿ ಒಬ್ಬನಿಗೆ ನಗು ಬಂದಿರಬೇಕು. ಪಾದಗಳ ಕಡೆ ನೋಡಿ ತಡೆದುಕೊಂಡ.

"ಸರಿ," ಎಂದ ಎಪರಾಮ. "ಇದನ್ನ ಹೊರಗೆ ಹೇಳಿದ್ರೆ ಏನಾಗುತ್ತೆ ಗೊತ್ತಾ? ಹಾಗಾದ್ರೆ ಎಪರಾಮ ಯಾಕೆ ಅತ್ತ ಅಂತ ಊರು ಕೇಳುತ್ತೆ. ದೊರೆಗಳನ್ನ ಪರದೆ ಹಿಂದೆ ಬಚ್ಚಿಟ್ಟು ದೋಣಿ ಕಾಯ್ತಿದ್ವಿ ಅಂತ ಗೊತ್ತಾಗುತ್ತೆ. ನಾವು ಮೂವರು ಈ ಊರಲ್ಲಿ ಮತ್ತೆ ತಲೆ ಎತ್ತೋ ಹಾಗಿಲ್ಲ. ನೀನು ಬಾಯಿ ಮುಚ್ಕೊಂಡಿರು. ದೊರೆಗಳು ಈಗ ತಾನೇ ಹೋದ್ರು ಅಂತ ನಾನು ಹೇಳ್ತೀನಿ. ನಿಂಗೆ ಮೊದಲೇ ತಿಳಿದಿತ್ತು. ಅಷ್ಟೆ."

"ನನ್ನ ಜನ ಸಂಜೆಯೊಳಗೆ ಬೀಚಿಗೆ ಹೋಗ್ಬೇಕು," ಎಂದ ಸಕಿಯುಸ. ಆ ಕ್ಷಣದಲ್ಲಿ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ.

"ಸಾವಿನ ಸುದ್ದಿ ಹೊತ್ತ ದೋಣಿಗೆ ನದಿ ಮುಚ್ಚಲ್ಲ. ಇಂಜಿನ್ ಹಾಕೋ ಹಾಗಿಲ್ಲ, ಕೋಲಿಂದ ನೂಕ್ಬೇಕು. ಈಗ ನೀರು ಜೋರಾಗಿದೆ, ಬೇಗ ಇಳೀತೀರಿ. ದಾರಿಯ ಪ್ರತಿ ಊರಲ್ಲೂ ನಿಂತು ಸುದ್ದಿ ಹೇಳ್ಬೇಕು."

"ಹೇಳೋರು ಯಾರು?"

"ಯಾರಿಗೆ ಮೊದಲು ತಿಳೀತೋ ಅವನು."

ಸಕಿಯುಸ ಒಪ್ಪಿದ.

ಎಪರಾಮ ಹೊರಗೆ ಬಂದು ದಿಬ್ಬದ ಮೇಲೆ ನಿಂತು, "ದೊರೆಗಳು ಈಗ ತಾನೇ ಹೋದರು," ಎಂದ. ಅಳುವ ಸದ್ದು ಏಳುವ ಮೊದಲು ಒಂದು ಗಳಿಗೆ ಎಲ್ಲ ಮುಖಗಳೂ ಸಕಿಯುಸನ ಕಡೆ ತಿರುಗಿದವು. ಉಲಾಮಿಲ ಅಜ್ಜಿ ಹಂದಿಯ ಹಗ್ಗ ಹಿಡಿದುಕೊಂಡು ಹಿಂದೆ ಹಿಂದೆ ಸರಿದಳು. ಗುದ್ದಲಿಯ ಇಬ್ಬರು ಅವನು ನೋಡಿದ್ದ ಜಾಗದಲ್ಲೇ ಅಗೆಯಲು ಶುರು ಮಾಡಿದರು.

ದೋಣಿಗಳು ಮೌನವಾಗಿ ಇಳಿದವು. ಮುಂದಿನ ದೋಣಿಯ ಮೂತಿಗೆ ಮಡಿಸಿದ ಚಾಪೆ ಕಟ್ಟಿದ್ದರು. ಅದರ ಹಿಂದೆ ಸಕಿಯುಸ ನಿಂತಿದ್ದ. ಇಂಜಿನ್ ಇಲ್ಲದ ನದಿಯಲ್ಲಿ ಕೋಲಿನಿಂದ ತೊಟ್ಟಿಕ್ಕುವ ಹನಿ ಕೂಡ ಕೇಳುತ್ತಿತ್ತು. ಬಂಡೆಗಳ ನಡುವೆ ಬಿಸಿಲು ಕಡಿಮೆಯಾಗಿ ನೀರು ಕಪ್ಪಾಯಿತು. ಪ್ರತಿ ಊರಿನ ದಡದಲ್ಲೂ ಯಾರೂ ಕರೆಯದೆ ಜನ ಬಂದು ನಿಂತಿದ್ದರು. ಚಾಪೆ ಕಂಡೊಡನೆ ಹೆಂಗಸರು ನೀರಿನಂಚಿನಲ್ಲಿ ಕೂತರು. ಸಕಿಯುಸ ಸುದ್ದಿ ಹೇಳಿದ. ಕೋಲು ನೂಕುವ ವೈಲೋಮದವನು ಮುಂದಿನದನ್ನು ಸೇರಿಸಿದ: "ಇವರು ಬೇರು ಒಪ್ಪಿಸಿದಾಗ ದೊರೆಗಳು ಇನ್ನೂ ಉಸಿರಾಡ್ತಿದ್ರು." ದೋಣಿ ದಡ ಬಿಟ್ಟ ಮೇಲೂ ಆ ಜನ ಅಲ್ಲಾಡದೆ ಅವನನ್ನೇ ನೋಡುತ್ತಿದ್ದರು. ತಿರುವು ಬಂದು ಮರೆಯಾಗುವ ತನಕ ಅವನ ಬೆನ್ನಿಗೆ ಅದು ಗೊತ್ತಾಗುತ್ತಿತ್ತು.

"ಇದೂ ಪ್ಯಾಕೇಜಿನಲ್ಲೇ ಸೇರಿದೆಯಾ?" ಎಂದು ಮಿಸೆಸ್ ಪ್ರೂಯಿಟ್ ಬಹಳ ಮೆಲ್ಲಗೆ ಕೇಳಿದರು.

"ಹೌದು ಮೇಡಂ," ಎಂದ ರಾಮೌತಾರ್.

ಹೊಳೆ ಬಯಲಿಗೆ ಬಂದಾಗ ಹೊತ್ತು ಇನ್ನೂ ಬೇಕಾದಷ್ಟಿತ್ತು. ರಾಮೌತಾರನ ಫೋನಿಗೆ ಸಿಗ್ನಲ್ ಬಂತು. ವ್ಯಾನಿಗೆ ಜನ ಹತ್ತುವಷ್ಟರಲ್ಲಿ ಅವನು ಪೆಟ್ರೋಲ್ ಬಂಕಿನ ಅಣ್ಣನಿಗೆ, ತರಕಾರಿ ಅಂಗಡಿಯ ಭಾವಮೈದುನನಿಗೆ, ತೀರದ ಉದ್ದಕ್ಕೂ ಇದ್ದ ನಾಲ್ಕಾರು ಗೆಳೆಯರಿಗೆ ಫೋನ್ ಮಾಡಿ ಮುಗಿಸಿದ್ದ.

"ಏನಂದೆ ಅವರಿಗೆ?" ಎಂದು ಸಕಿಯುಸ ಕೇಳಿದ.

"ಇದ್ದದ್ದನ್ನೇ ಅಂದೆ. ಒಳ್ಳೇ ಹೆಸರು ಬರ್ಲಿ ಬಿಡೋ ನಿಂಗೆ."

ಬೀಚಿನ ಹೋಟೆಲ್ ನುಕುಲೆವು ಹಳ್ಳಿಯ ನೆಲದಲ್ಲಿದೆ. ಆ ಮರಳಿಗೆ ಕಾಲಿಡುವ ಮೊದಲು ಅಲ್ಲೂ ಬೇರು ಒಪ್ಪಿಸಬೇಕು. ಸಕಿಯುಸ ದಾರಿಯಲ್ಲಿ ಹೊಸ ಕಟ್ಟು ಕೊಂಡ, ಬಾಳೆನಾರಿನಲ್ಲಿ ಕಟ್ಟಿದ್ದು. ಅದರಲ್ಲಿ ಕಪ್ಪು ಬಣ್ಣದ ಒಂದು ಎಳೆಯೂ ಇಲ್ಲವೆಂದು ತಿರುಗಿಸಿ ತಿರುಗಿಸಿ ನೋಡಿದ. ವ್ಯಾನಿನಲ್ಲಿ ದಾರಿಯುದ್ದಕ್ಕೂ ಸ್ವಾಗತ ಬೇಡುವ ಮಾತನ್ನು ಬಾಯಲ್ಲೇ ಹೇಳಿಕೊಂಡ.

ನುಕುಲೆವು ಬರಿದಾಗಿತ್ತು. ಸೂರ್ಯ ಸಮುದ್ರದ ಮೇಲೆ ಇನ್ನೂ ಎತ್ತರದಲ್ಲಿದ್ದ. ದೋಣಿಗಳೆಲ್ಲ ಮರಳಿನ ಮೇಲೆ ಕವುಚಿ ಬಿದ್ದಿದ್ದವು. ಬಾಗಿಲುಗಳು ಮುಚ್ಚಿದ್ದವು. ಒಗೆದ ಬಟ್ಟೆ ಹಗ್ಗದ ಮೇಲೆ ಹಾಗೇ ಇತ್ತು. ಅರ್ಧ ತುರಿದ ತೆಂಗಿನಕಾಯಿ ಮೆಟ್ಟಿಲ ಮೇಲೆ ಬಿದ್ದಿತ್ತು. ಸಭೆಯ ಮನೆಯಲ್ಲಿ ಒಬ್ಬ ಮುದುಕ ಮಾತ್ರ ಚಾಪೆಯ ಮೇಲೆ ಕೂತಿದ್ದ. ಒಳ್ಳೆಯ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡಿದ್ದ.

ಸಕಿಯುಸ ಕೂತ, ಕಟ್ಟನ್ನು ಮುಂದಿಟ್ಟ, ಮಾತಾಡಿದ. ಒಂದು ಅಕ್ಷರ ತಪ್ಪಲಿಲ್ಲ. ದೂರದಿಂದ ಬಂದ ಅತಿಥಿಗಳು, ನಿಮ್ಮ ಮರಳು, ನಿಮ್ಮ ನೆರಳು, ನಿಮ್ಮ ದಯೆ: ಎಲ್ಲವೂ ಅದರದರ ಜಾಗದಲ್ಲಿ ಬಂತು. ಮುದುಕ ಗುಳಿ ಅಂಗೈಯಿಂದ ಚಪ್ಪಾಳೆ ತಟ್ಟಿ ಬೇರನ್ನು ಒಪ್ಪಿಕೊಂಡ. ಆಮೇಲೆ ಅಂಗಿಯ ಕಾಲರ್ ಸರಿಮಾಡಿಕೊಂಡ.

"ಯಾರು?" ಎಂದ.

"ಯಾರೂ ಇಲ್ಲ ಅಜ್ಜ. ಇದು ಬರೀ ಸ್ವಾಗತದ ಬೇರು. ಇವರು ಎರಡು ದಿನ ಈಜಾಡಿ ಹೋಗ್ತಾರೆ."

"ಸ್ವಾಗತದ ಮಾತಲ್ಲೇ ಸುತ್ತಿ ತಂದಿದ್ದೀಯ. ಒಳ್ಳೇವನು ನೀನು," ಎಂದ ಮುದುಕ. "ಎಲ್ಲರೂ ನನ್ನನ್ನೇ ಮುಂದೆ ಮಾಡಿ ಓಡಿಹೋದ್ರು, ವಯಸ್ಸಾಗಿದೆ ಅಂತ. ನಾನೇ ಇರ್ಲಿ ಬಿಡು."

ಅವನು ನಿಧಾನವಾಗಿ ಅಲ್ಲೇ ಚಾಪೆಯ ಮೇಲೆ ಅಂಗಾತ ಮಲಗಿ, ಪಾದಗಳನ್ನು ಜೋಡಿಸಿಕೊಂಡ.

ಮಿಸೆಸ್ ಪ್ರೂಯಿಟ್ ಮತ್ತು ಉಳಿದವರು ಬೆಳಕಿರುವಾಗಲೇ ಹೋಟೆಲ್ ಸೇರಿದರು. ಒಂದು ದೂರೂ ಬರಲಿಲ್ಲ. ಇಷ್ಟು ಅಚ್ಚುಕಟ್ಟಾದ ಪ್ರವಾಸವನ್ನು ತಾವು ಎಲ್ಲೂ ಕಂಡಿಲ್ಲವೆಂದೂ, ಅದರಲ್ಲೂ ಶವಸಂಸ್ಕಾರ ತುಂಬ ಹಿಡಿಸಿತೆಂದೂ ಮಿಸೆಸ್ ಪ್ರೂಯಿಟ್ ಪಿಕರಿಂಗ್ ಮೇಡಂಗೆ ಫೋನಿನಲ್ಲಿ ಹೇಳಿದರು. ಮೇಡಂ ಸಕಿಯುಸನನ್ನು ಖಾಯಂ ಮಾಡುವುದಾಗಿ ಅಂದು ರಾತ್ರಿಯೇ ಅನಸೇನಿಗೆ ತಿಳಿಸಿದರು.

ನುಕುಲೆವುವಿನಲ್ಲಿ ಆ ವಾರ ಯಾರೂ ಸಾಯಲಿಲ್ಲ. ಓಡಿಹೋದವರು ಮರಳಿದ ಮೇಲೆ ಯಾರೂ ಸಮುದ್ರಕ್ಕೆ ಇಳಿಯದೆ, ತೆಂಗಿನ ಮರ ಹತ್ತದೆ, ಅಡ್ಡ ರಸ್ತೆ ದಾಟದೆ ಹುಷಾರಾಗಿ ಮನೆಯಲ್ಲೇ ಇದ್ದದ್ದರಿಂದ ಹಾಗಾಯಿತು ಎಂದು ಅಲ್ಲಿಯವರು ನಂಬಿದರು. ವಾರ ಮುಗಿಯುವ ಮೊದಲು ನದಿಯ ಹಳ್ಳಿಗಳಿಂದಲೂ ತೀರದ ಹಳ್ಳಿಗಳಿಂದಲೂ ಆಫೀಸಿಗೆ ಒಂದೇ ಮಾತು ಬಂತು: ಪ್ರವಾಸಿಗಳು ಬರಲಿ, ಆ ಮನುಷ್ಯ ಬೇಡ. ವೈಲೋಮದ ಎಪರಾಮ ಮಾತ್ರ ಹಾಗೆ ಹೇಳಲಿಲ್ಲ. ಅವನು ಏನೂ ಹೇಳಲಿಲ್ಲ.

ಮುಂದಿನ ಮಂಗಳವಾರ ಬೇರಿನ ಕಟ್ಟು ಹಿಡಿದು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತವನು ರಾಮೌತಾರ್. ಸಕಿಯುಸ ಬಿಸ್ಕತ್ತಿನ ಗೋದಾಮಿಗೆ ಮರಳಿದ. ಅವನು ಊಟದ ಗಂಟನ್ನು ಬೇರಿನ ಕಟ್ಟಿನಂತೆ ಕಂಕುಳಲ್ಲಿ ಇಟ್ಟುಕೊಂಡು ಗೇಟು ದಾಟುವುದನ್ನು ಕಂಡ ಮುದಿ ಕಾವಲುಗಾರ ಅಂದೇ ರಜೆ ಹಾಕಿ ಊರಿಗೆ ಹೋದ.